ಬ್ಲೋವರ್ ನಿಂತರೆ ಮೊದಲು ಮೀಟರ್, ಆಮೇಲೆ ಸ್ಪ್ಯಾನರ್

ಗೆಳೆಯರೇ, ಈ ಸಲದ ಪಾಠಕ್ಕೆ ಅಮೆರಿಕದ ಒಂದು ಹಳೇ ಪಿಕಪ್ ತಗೊಳ್ಳೋಣ: 1973ರಿಂದ 1987ರವರೆಗಿನ ತಲೆಮಾರಿನ ಷೆವ್ರೊಲೆ ಸಿ/ಕೆ. ಹಿಮ ಬೀಳುವ ಊರಲ್ಲಿ ಇದರ ಹೀಟರ್ ಬ್ಲೋವರ್ ನಿಂತರೆ ಬರೀ ಚಳಿಯ ಕಷ್ಟ ಅಲ್ಲ. ಮುಂದಿನ ಗಾಜಿನ ಮೇಲೆ ಕೂತ ಮಂಜು ಕರಗೋದಿಲ್ಲ, ದಾರಿ ಕಾಣೋದಿಲ್ಲ. ಆದ್ದರಿಂದ ಇದು ಸುರಕ್ಷತೆಯ ಮಾತು.

ಮೊದಲು ಸರ್ಕ್ಯೂಟ್ ಅರ್ಥ ಮಾಡ್ಕೊಳ್ಳೋಣ. ಬ್ಲೋವರ್ ಅಂದ್ರೆ 12 ವೋಲ್ಟಿನ ಡಿಸಿ ಬ್ರಷ್ ಮೋಟಾರ್. ವೇಗ ಕಡಿಮೆ ಮಾಡೋಕೆ ಸರಣಿಯಲ್ಲಿ ರೆಸಿಸ್ಟರ್ ಸೇರುತ್ತೆ. ಹೈ ಸ್ಪೀಡಿನಲ್ಲಿ ರೆಸಿಸ್ಟರ್ ದಾರಿಯಲ್ಲೇ ಇರೋದಿಲ್ಲ. ಹಾಗಾಗಿ ಹೈ ಮಾತ್ರ ಓಡಿ ಉಳಿದ ವೇಗಗಳು ಸತ್ತಿದ್ದರೆ ಮೋಟಾರ್ ಚೆನ್ನಾಗಿದೆ, ರೆಸಿಸ್ಟರ್ ಸುಟ್ಟಿರಬಹುದು. ಯಾವ ವೇಗದಲ್ಲೂ ಓಡದಿದ್ದರೆ ಫ್ಯೂಸ್ ನೋಡಿ, ಆಮೇಲೆ ಸ್ವಿಚ್ ಆನ್ ಮಾಡಿ ಮೋಟಾರಿನ ಕನೆಕ್ಟರಿನಲ್ಲಿ ವೋಲ್ಟೇಜ್ ಅಳೆಯೋಣ. 12 ವೋಲ್ಟ್ ಬರ್ತಿದೆ, ಅರ್ತ್ ಸರಿ ಇದೆ, ಆದರೂ ತಿರುಗುತ್ತಿಲ್ಲ ಅಂದರೆ ಮೋಟಾರಿನದ್ದೇ ದೋಷ. ಮೆಲ್ಲಗೆ ತಟ್ಟಿದಾಗ ಓಡಿದರೆ ಬ್ರಷ್ ಸವೆದಿರೋ ಸಾಧ್ಯತೆ ಹೆಚ್ಚು.

ಈಗ ಬಿಚ್ಚುವ ಕೆಲಸ. ಈ ಗಾಡಿಯಲ್ಲಿ ಮೋಟಾರ್ ಇರೋದು ಬಾನೆಟ್ ಕೆಳಗೆ, ಫೈರ್‌ವಾಲಿನ ಬಲಬದಿಯಲ್ಲಿ.

1. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ತಂತಿಗಳ ಫೋಟೋ ತೆಗೆದಿಟ್ಟುಕೊಂಡು ಕನೆಕ್ಟರ್ ಬಿಚ್ಚಿ.
2. ಮೋಟಾರನ್ನು ತಂಪು ಮಾಡುವ ಚಿಕ್ಕ ರಬ್ಬರ್ ಟ್ಯೂಬ್ ಇದ್ದರೆ ಕಳಚಿ.
3. ಸುತ್ತಲಿನ ಸ್ಕ್ರೂ ಬಿಚ್ಚಿ. ಹಳೇ ಸೀಲಂಟ್ ಅಂಟಿಕೊಂಡಿರುತ್ತೆ. ಮೆಲ್ಲಗೆ ಮೀಟಿ, ಕೇಸ್ ಒಡೆಯಬೇಡಿ.
4. ಫ್ಯಾನ್ ಚಕ್ರ ಯಾವ ಕಡೆ ಮುಖ ಮಾಡಿದೆ ಅಂತ ಗುರುತು ಹಾಕಿ ಹೊಸ ಮೋಟಾರಿಗೆ ವರ್ಗಾಯಿಸಿ. ಕೇಸಿನೊಳಗಿನ ಎಲೆ, ಕಸ ತೆಗೆಯಿರಿ.
5. ಕೂರಿಸುವ ಮುಂಚೆ ಫ್ಯೂಸ್ ಹಾಕಿದ ತಂತಿಯಿಂದ ಬ್ಯಾಟರಿ ಕೊಟ್ಟು ತಿರುಗುವ ದಿಕ್ಕು ನೋಡಿ.

ದಿಕ್ಕು ಯಾಕೆ ಮುಖ್ಯ? ಇದು ಅಳಿಲು ಪಂಜರದ ಆಕಾರದ ಸೆಂಟ್ರಿಫ್ಯೂಗಲ್ ಫ್ಯಾನ್. ಉಲ್ಟಾ ತಿರುಗಿದರೂ ಗಾಳಿ ಅದೇ ಕಡೆಗೇ ಹೋಗುತ್ತೆ, ಆದರೆ ತುಂಬಾ ಕಡಿಮೆ. "ಓಡ್ತಿದೆಯಲ್ಲ" ಅಂತ ನಾವು ಸುಮ್ಮನಾದರೆ ಗಾಜು ಮಾತ್ರ ಮಂಜಾಗೇ ಇರುತ್ತೆ.

ಕೊನೆಯದಾಗಿ ಕನೆಕ್ಟರ್. ಅದು ಕಪ್ಪಾಗಿದ್ದರೆ ಹಾಗೇ ಸಿಕ್ಕಿಸಬೇಡಿ. ಒಂದು ಲೆಕ್ಕ ಹಾಕೋಣ: 15 ಆಂಪಿಯರ್ ಕರೆಂಟ್, ತುಕ್ಕು ಹಿಡಿದ ಪಿನ್ನಿನ ರೋಧ 0.1 ಓಮ್ ಅಂತ ಇಟ್ಟುಕೊಳ್ಳಿ. ಅಲ್ಲೇ 1.5 ವೋಲ್ಟ್ ಹೋಯ್ತು. ಶಾಖ ಎಷ್ಟು? 15 × 15 × 0.1, ಅಂದರೆ 22.5 ವ್ಯಾಟ್. ನಮ್ಮ ಲ್ಯಾಬಿನ 25 ವ್ಯಾಟ್ ಸೋಲ್ಡರಿಂಗ್ ಐರನ್ನಿಗೆ ಹತ್ತಿರ ಹತ್ತಿರ! ಪ್ಲಾಸ್ಟಿಕ್ ಕರಗದೆ ಇನ್ನೇನಾಗುತ್ತೆ?

ರೆಸಿಸ್ಟರ್ ಪದೇ ಪದೇ ಸುಟ್ಟರೂ ಮೋಟಾರನ್ನೇ ಅನುಮಾನಿಸಿ. ಬೇರಿಂಗ್ ಬಿಗಿಯಾದರೆ ಮೋಟಾರ್ ನಿಧಾನವಾಗಿ ಹೆಚ್ಚು ಕರೆಂಟ್ ಎಳೆಯುತ್ತೆ. ರೆಸಿಸ್ಟರ್ ತಣ್ಣಗಾಗೋದು ಬ್ಲೋವರಿನ ಗಾಳಿಯಿಂದಲೇ; ಆ ಗಾಳಿಯೂ ಕಡಿಮೆ ಆಗುತ್ತೆ. ಶಾಖ ಏರಿತು, ತಂಪು ಇಳಿಯಿತು, ರೆಸಿಸ್ಟರ್ ಹೋಯ್ತು.

ಸುಟ್ಟ ಭಾಗ ಬದಲಿಸೋದು ಅರ್ಧ ಕೆಲಸ. ಯಾಕೆ ಸುಟ್ಟಿತು ಅಂತ ಕಂಡುಹಿಡಿದರೆ ರಿಪೇರಿ ಪೂರ್ತಿ ಆದ ಹಾಗೆ.