ಬೆಳ್ಳಗಿರುವುದೆಲ್ಲ ಹಾಲಲ್ಲ: ಬಚ್ಚಲುಮನೆಯ ಕಪಾಟಿನ ಪಾಠ

ಅಡುಗೆಮನೆಗೆ ಬರುವ ಸಾಮಾನಿನ ಬಗ್ಗೆ ನಾವು ಕನ್ನಡಿಗರು ಬಹಳ ಎಚ್ಚರದವರು. ಬೇಳೆಯಲ್ಲಿ ಹುಳ ಇದೆಯೇ, ತುಪ್ಪ ಶುದ್ಧವೇ, ಬಿಸ್ಕತ್ತಿನಲ್ಲಿ ಮೊಟ್ಟೆ ಇದೆಯೇ ಎಂದು ಅಂಗಡಿಯಲ್ಲೇ ನಿಂತು ಓದುತ್ತೇವೆ. ಆದರೆ ಮೈಗೆ, ಮುಖಕ್ಕೆ, ತಲೆಗೆ ಹಚ್ಚುವ ಸಾಮಾನಿನ ವಿಷಯ ಬಂದಾಗ ಬಾಟಲಿಯ ಚಂದ, ಪರಿಮಳ, ಟೀವಿಯ ಜಾಹೀರಾತು ಇಷ್ಟೇ ಸಾಕಾಗುತ್ತದೆ. ನಮ್ಮ ನ್ಯೂಮಾರ್ಕೆಟ್‌ನ ಯಾವ ಮನೆಯ ಬಚ್ಚಲಿನ ಕಪಾಟು ತೆರೆದರೂ ಹತ್ತಿಪ್ಪತ್ತು ಬಾಟಲಿ, ಡಬ್ಬಿ, ಟ್ಯೂಬುಗಳು ಕಾಣುತ್ತವೆ. ಅರ್ಧ ಇಲ್ಲಿನ ಅಂಗಡಿಯವು, ಇನ್ನರ್ಧ ಊರಿನಿಂದ ಸೂಟ್‌ಕೇಸಿನಲ್ಲಿ ಬಂದವು. ಅವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ಹೇಗೆ ಆರಿಸಬೇಕು ಎಂಬುದನ್ನು ಈ ಲೇಖನದಲ್ಲಿ ಒಟ್ಟಿಗೆ ನೋಡೋಣ.

ನಮ್ಮ ಹಿರಿಯರ ಬಚ್ಚಲುಮನೆ

ಹಂಡೆಯಲ್ಲಿ ನೀರು ಕಾಯುತ್ತಿದ್ದ ಕಾಲದಲ್ಲಿ ಸ್ನಾನಕ್ಕೆ ಬೇಕಾಗಿದ್ದ ಸಾಮಾನು ಬೆರಳೆಣಿಕೆಯಷ್ಟು: ಎಣ್ಣೆ, ಸೀಗೆಪುಡಿ, ಅಂಟುವಾಳ, ಕಡಲೆಹಿಟ್ಟು ಅಥವಾ ಹೆಸರುಹಿಟ್ಟು, ಅರಿಸಿನ, ದಾಸವಾಳದ ಎಲೆಯ ಲೋಳೆ. ಸೀಗೆಯಲ್ಲೂ ಅಂಟುವಾಳದಲ್ಲೂ ಸಪೋನಿನ್ ಎಂಬ ವಸ್ತುವಿದೆ. ನೀರಿನಲ್ಲಿ ನೊರೆ ಕೊಟ್ಟು, ಜಿಡ್ಡನ್ನು ಬಿಡಿಸುವುದು ಅದೇ. ಹಿಟ್ಟು ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಅಂದರೆ ಅಜ್ಜಿಯ ಎಣ್ಣೆಸ್ನಾನ ಬರೀ ಸಂಪ್ರದಾಯವಲ್ಲ, ಅದರ ಹಿಂದೆ ಸರಳವಾದ ರಸಾಯನಶಾಸ್ತ್ರವೂ ಇದೆ.

ಸಾಬೂನಿನ ವಿಷಯದಲ್ಲೂ ನಮ್ಮ ನಾಡು ಹಿಂದೆ ಬಿದ್ದಿರಲಿಲ್ಲ. ಮೊದಲನೆಯ ಮಹಾಯುದ್ಧದಿಂದ ಯೂರೋಪಿಗೆ ಶ್ರೀಗಂಧದ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರಿನಲ್ಲೇ ಗಂಧದೆಣ್ಣೆ ತೆಗೆಯುವ ಕಾರ್ಖಾನೆ ಶುರುವಾಯಿತು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ತಯಾರಾಯಿತು. ಅದೇ ಇಂದಿಗೂ ನಾವು ಹುಡುಕಿ ತರುವ ಮೈಸೂರು ಸ್ಯಾಂಡಲ್. ಭಾರತದ ಸಾಬೂನುಗಳ ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂಬ ಮೂರಕ್ಷರ ಇರುತ್ತದೆ. ಅದು ಸಾಬೂನಿನಲ್ಲಿರುವ ಒಟ್ಟು ಕೊಬ್ಬಿನ ಅಂಶ. ಭಾರತೀಯ ಮಾನಕದ ಪ್ರಕಾರ ಒಂದನೆಯ ದರ್ಜೆಯ ಸ್ನಾನದ ಸಾಬೂನಿನಲ್ಲಿ ಅದು ಕನಿಷ್ಠ ಶೇ. 76 ಇರಬೇಕು. ಬೆಲೆ ನೋಡುವ ಮುನ್ನ ಈ ಅಂಕಿ ನೋಡುವುದು ಒಳ್ಳೆಯ ಅಭ್ಯಾಸ.

ಲೇಬಲ್ ಓದುವುದು ಹೇಗೆ?

ಕೆನಡಾದಲ್ಲಿ 2006ರ ನವೆಂಬರ್‌ನಿಂದ ಪ್ರತಿಯೊಂದು ಸೌಂದರ್ಯ ಸಾಧನದ ಮೇಲೂ ಅದರೊಳಗಿನ ಪದಾರ್ಥಗಳ ಪಟ್ಟಿ ಕಡ್ಡಾಯ. ಯಾವುದು ಹೆಚ್ಚು ಇದೆಯೋ ಅದು ಮೊದಲು ಬರುತ್ತದೆ. ಶೇ. 1ಕ್ಕಿಂತ ಕಡಿಮೆ ಇರುವವು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಇರಬಹುದು. 'ಬಾದಾಮಿ ಎಣ್ಣೆಯ ಕ್ರೀಮ್' ಎಂದು ಮುಂದೆ ದಪ್ಪಕ್ಷರದಲ್ಲಿ ಬರೆದು, ಹಿಂದೆ ಬಾದಾಮಿಯ ಹೆಸರು ಕಟ್ಟಕಡೆಗೆ ಇದ್ದರೆ, ನಾವು ದುಡ್ಡು ಕೊಟ್ಟದ್ದು ಹೆಸರಿಗೆ ಎಂದು ತಿಳಿಯಬೇಕು.

ಆ ಪಟ್ಟಿಯ ಲ್ಯಾಟಿನ್ ಹೆಸರುಗಳನ್ನು ಕಂಡು ಹೆದರುವುದು ಬೇಡ. ಕೋಕೋಸ್ ನ್ಯೂಸಿಫೆರಾ ನಮ್ಮ ತೆಂಗು, ಸೆಸಮಮ್ ಇಂಡಿಕಮ್ ಎಳ್ಳು, ಕರ್ಕ್ಯುಮಾ ಲಾಂಗಾ ಅರಿಸಿನ, ಸ್ಯಾಂಟಲಮ್ ಆಲ್ಬಮ್ ಶ್ರೀಗಂಧ, ಅಕೇಶಿಯಾ ಕಾನ್ಸಿನ್ನಾ ಸೀಗೆ. ಮಕ್ಕಳೊಂದಿಗೆ ಕೂತು ಈ ಹೆಸರುಗಳನ್ನು ಹುಡುಕಿದರೆ ಅವರಿಗೆ ಆಟವೂ ಆಯಿತು, ಕನ್ನಡದ ಪಾಠವೂ ಆಯಿತು.

ಇನ್ನೆರಡು ಮಾತು ನೆನಪಿರಲಿ. 'ಪರ್ಫಮ್' ಎಂಬ ಒಂದೇ ಪದದ ಹಿಂದೆ ಹತ್ತಾರು ಸುಗಂಧ ವಸ್ತುಗಳು ಅಡಗಿರಬಹುದು. ಅವುಗಳಲ್ಲಿ ಅಲರ್ಜಿ ತರುವಂಥವನ್ನು ಹೆಸರಿಸಿ ಮುದ್ರಿಸಬೇಕೆಂದು 2024ರಲ್ಲಿ ಕೆನಡಾದ ನಿಯಮವನ್ನು ತಿದ್ದಲಾಯಿತು. ಎರಡನೆಯದು, 'ಅನ್‌ಸೆಂಟೆಡ್' ಎಂದರೆ ವಾಸನೆ ಗೊತ್ತಾಗದು ಎಂದಷ್ಟೇ. ವಾಸನೆ ಮುಚ್ಚಲು ಬೇರೊಂದು ಸುಗಂಧ ಹಾಕಿರಬಹುದು. ಕಜ್ಜಿ, ಎಕ್ಸಿಮಾ ಇರುವವರು ಹುಡುಕಬೇಕಾದದ್ದು 'ಫ್ರಾಗ್ರೆನ್ಸ್ ಫ್ರೀ' ಎಂಬ ಮಾತನ್ನು.

ಸೂಟ್‌ಕೇಸಿನಲ್ಲಿ ಬರುವ ಸಾಮಾನು

ಸೌಂದರ್ಯ ಸಾಧನಗಳಲ್ಲಿ ಬಳಸಬಾರದ ಅಥವಾ ಮಿತಿಯಲ್ಲಿ ಮಾತ್ರ ಬಳಸಬಹುದಾದ ನೂರಾರು ವಸ್ತುಗಳ ಪಟ್ಟಿಯನ್ನು ಹೆಲ್ತ್ ಕೆನಡಾ ಇಟ್ಟಿದೆ. ಅದಕ್ಕೆ 'ಹಾಟ್‌ಲಿಸ್ಟ್' ಎಂದು ಹೆಸರು. ಊರಿನ ಸಂತೆಯಲ್ಲಿ ಕೊಂಡು ತಂದ ಡಬ್ಬಿ ಈ ಜರಡಿಯನ್ನು ಹಾದು ಬಂದಿರುವುದಿಲ್ಲ. ಪ್ರೀತಿಯಿಂದ ಕೊಟ್ಟದ್ದು ಎಂಬುದು ನಿಜ. ಪರೀಕ್ಷಿಸಿ ಕೊಟ್ಟದ್ದಲ್ಲ ಎಂಬುದೂ ನಿಜ. ಮುಖ್ಯವಾಗಿ ನಾಲ್ಕು ವಸ್ತುಗಳನ್ನು ಗಮನಿಸಿ.

ಬಣ್ಣ ತಿಳಿಯಾಗಿಸುವ ಕ್ರೀಮುಗಳು: ಇವುಗಳಲ್ಲಿ ಕೆಲವಕ್ಕೆ ಪಾದರಸದ ಲವಣ ಸೇರಿಸಿರುತ್ತಾರೆ. ಅದು ಚರ್ಮದ ಬಣ್ಣ ಮೂಡುವುದನ್ನು ತಡೆಯುತ್ತದೆ, ಜೊತೆಗೆ ಮೈಯೊಳಗೆ ಸೇರಿ ಮೂತ್ರಪಿಂಡಕ್ಕೂ ನರಮಂಡಲಕ್ಕೂ ಹಾನಿ ಮಾಡುತ್ತದೆ. ಹಚ್ಚಿಕೊಂಡ ತಾಯಿಯ ಕೈಯಿಂದ, ಟವೆಲ್ಲಿನಿಂದ, ದಿಂಬಿನಿಂದ ಮಗುವಿಗೂ ತಲುಪುತ್ತದೆ. ಪಾದರಸದ ಬಳಕೆಯನ್ನು ತಡೆಯುವ ಮಿನಮಾತಾ ಒಪ್ಪಂದ 2017ರಲ್ಲಿ ಜಾರಿಗೆ ಬಂದರೂ ಇಂಥ ಕ್ರೀಮುಗಳು ಕಳ್ಳದಾರಿಯಲ್ಲಿ ಬರುತ್ತಲೇ ಇವೆ. ಕ್ಯಾಲೊಮೆಲ್, ಮರ್ಕ್ಯುರಿಕ್, ಮರ್ಕ್ಯುರಸ್ ಎಂಬ ಪದಗಳು ಕಂಡರೆ, ಅಥವಾ 'ಬೆಳ್ಳಿ ಬಂಗಾರದ ಒಡವೆಗೆ ತಾಗಿಸಬೇಡಿ' ಎಂಬ ಸೂಚನೆ ಇದ್ದರೆ, ಅಥವಾ ಪದಾರ್ಥಗಳ ಪಟ್ಟಿಯೇ ಇಲ್ಲದಿದ್ದರೆ, ಮುಟ್ಟಬೇಡಿ. ಇನ್ನು ಕೆಲವು ಕ್ರೀಮುಗಳಲ್ಲಿ ಬೀಟಾಮೆಥಸೋನ್, ಕ್ಲೊಬೆಟಸಾಲ್‌ನಂಥ ಸ್ಟೀರಾಯ್ಡ್ ಇರುತ್ತದೆ. ಇಲ್ಲಿ ಅವು ವೈದ್ಯರ ಚೀಟಿಯಿಲ್ಲದೆ ಸಿಗದ ಔಷಧಗಳು.

ಕಾಡಿಗೆ ಮತ್ತು ಸುರ್ಮ: ಸಾಂಪ್ರದಾಯಿಕ ಸುರ್ಮದ ಮೂಲ ಸೀಸದ ಅದಿರು. ಮಕ್ಕಳ ಮಿದುಳಿಗೆ ಸೀಸ ಎಷ್ಟಿದ್ದರೆ ಸುರಕ್ಷಿತ ಎಂಬ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗು ಕಣ್ಣುಜ್ಜಿ ಬೆರಳನ್ನು ಬಾಯಿಗಿಡುತ್ತದೆ, ಸೀಸ ಹೊಟ್ಟೆಗೆ ಹೋಗುತ್ತದೆ. ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲೇ ಮಾಡಿದ ಕಾಡಿಗೆಯಾದರೂ ಎಳೆಯ ಕಣ್ಣಿಗೆ ಬೇಡ. ದೃಷ್ಟಿಬೊಟ್ಟು ಇಡಲೇಬೇಕೆಂದು ಅಜ್ಜಿ ಹಟ ಹಿಡಿದರೆ, ಆ ಮನೆಯ ಕಾಡಿಗೆಯನ್ನು ಕೈಗೆ ಸಿಗದಂತೆ ಕಿವಿಯ ಹಿಂದೆ ಇಡಲಿ.

ಕುಂಕುಮ, ಸಿಂಧೂರ: ಹಿಂದಿನವರು ಅರಿಸಿನಕ್ಕೆ ನಿಂಬೆರಸ, ಬಿಳಿಗಾರ ಸೇರಿಸಿ ಕೆಂಪು ಬರಿಸುತ್ತಿದ್ದರು. ಈಗಿನ ಅಗ್ಗದ ಪುಡಿಗಳಲ್ಲಿ ಬಣ್ಣಕ್ಕಾಗಿ ಸೀಸದ ಸಂಯುಕ್ತಗಳು ಇರಬಹುದು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನ್ಯೂಜೆರ್ಸಿ ಮತ್ತು ಭಾರತದಲ್ಲಿ ಕೊಂಡ 118 ಸಿಂಧೂರದ ಮಾದರಿಗಳಲ್ಲಿ ಸುಮಾರು ಹತ್ತಕ್ಕೆ ಎಂಟರಲ್ಲಿ ಸೀಸ ಸಿಕ್ಕಿತು. ಪೂಜೆಯ ಬಟ್ಟಲಿನಿಂದ ಪುಟ್ಟ ಮಕ್ಕಳು ಕುಂಕುಮ ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳೋಣ. ಇಟ್ಟ ಮೇಲೆ ಕೈ ತೊಳೆಯೋಣ.

ಮದರಂಗಿ: ಅಸಲಿ ಗೋರಂಟಿ ಕಿತ್ತಳೆಯಿಂದ ಕೆಂಗಂದು ಬಣ್ಣ ಕೊಡುತ್ತದೆ, ಕಪ್ಪನ್ನಲ್ಲ. ಒಂದೆರಡು ಗಂಟೆಯಲ್ಲಿ ಕಪ್ಪಾಗಿ ಹತ್ತುವ 'ಬ್ಲಾಕ್ ಹೆನ್ನ'ದಲ್ಲಿ ತಲೆಗೂದಲ ಬಣ್ಣದ ಪಿ.ಪಿ.ಡಿ. ಇರಬಹುದು. ಕೆನಡಾದಲ್ಲಿ ಅದನ್ನು ಚರ್ಮಕ್ಕೆ ಹಚ್ಚುವ ವಸ್ತುಗಳಲ್ಲಿ ಬಳಸುವಂತಿಲ್ಲ. ಬೊಬ್ಬೆ ಎದ್ದು ಕಲೆ ಉಳಿಯುವುದುಂಟು. ಮದುವೆಯ ಸಡಗರದಲ್ಲಿ ಇದನ್ನು ಮರೆಯಬಾರದು.

ಕಪ್ಪು ಎಂಬ ಮಾತು

ಕ್ರೀಮಿನ ಮಾತು ಬಂದ ಮೇಲೆ ಇನ್ನೊಂದನ್ನು ಹೇಳದಿರುವುದು ಸರಿಯಲ್ಲ. ಭಾರತದಲ್ಲಿ 1975ರಲ್ಲಿ ಬಂದ ಪ್ರಸಿದ್ಧ ಕ್ರೀಮೊಂದು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಎಂಬ ಪದವನ್ನು ತೆಗೆಯಿತು. ಅಂಗಡಿಯ ಹಲಗೆಯಿಂದ ಹೋದ ಆ ಪದ ನಮ್ಮ ಮನೆಮಾತಿನಿಂದ ಹೋಗಿದೆಯೇ? "ಬೇಸಿಗೆಯಲ್ಲಿ ಆಡಿ ಆಡಿ ಎಷ್ಟು ಕಪ್ಪಾಗಿದ್ದಾಳೆ ನೋಡೇ" ಎಂದು ವೀಡಿಯೊ ಕರೆಯಲ್ಲಿ ಅಕ್ಕರೆಯಿಂದಲೇ ಅನ್ನುತ್ತೇವೆ. ಇಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ಆ ಅಕ್ಕರೆ ಕೇಳಿಸುವುದಿಲ್ಲ, ಕೊರತೆಯ ಮಾತು ಮಾತ್ರ ಕೇಳಿಸುತ್ತದೆ. ಶಾಲೆಯಲ್ಲೂ ತನ್ನ ಬಣ್ಣದ ಬಗ್ಗೆ ಯೋಚಿಸಬೇಕಾದ ಮಗು ಮನೆಯಲ್ಲಾದರೂ ಅದನ್ನು ಮರೆತಿರಲಿ. ಕೃಷ್ಣ ಎಂಬ ಹೆಸರಿನ ಅರ್ಥವೇ ಕಪ್ಪು. ಅವನನ್ನು ತೊಟ್ಟಿಲಲ್ಲಿಟ್ಟು ತೂಗುವ ನಾವು ನಮ್ಮ ಮಕ್ಕಳಿಗೆ ಬೇರೆ ಅಳತೆ ಇಡುವುದೇಕೆ?

ನೈಸರ್ಗಿಕವೆಲ್ಲ ನಿರಪಾಯವೇ?

ಹಾಗೆಂದು 'ನ್ಯಾಚುರಲ್', 'ಕ್ಲೀನ್' ಎಂದು ಹಸಿರೆಲೆಯ ಚಿತ್ರ ಹಾಕಿದ್ದನ್ನೆಲ್ಲ ನಂಬಬೇಕಿಲ್ಲ. ಸೀಸವೂ ಪಾದರಸವೂ ಮಣ್ಣಿನಿಂದಲೇ ಬಂದವು! ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ. ಟೀ ಟ್ರೀ, ಲ್ಯಾವೆಂಡರ್ ಎಣ್ಣೆಗಳೂ ಕೆಲವರಿಗೆ ಅಲರ್ಜಿ. ಇನ್ನು ಸಂರಕ್ಷಕಗಳನ್ನು ಕಂಡರೆ ಹೌಹಾರುವುದೂ ತಪ್ಪು. ಒಣ ಹೆಸರುಹಿಟ್ಟು ತಿಂಗಳುಗಟ್ಟಲೆ ಇರುತ್ತದೆ, ನೀರು ಕಲಸಿದರೆ ಮರುದಿನವೇ ಹುಳಿಯುತ್ತದೆ. ಹಾಗೆಯೇ ನೀರಿರುವ ಕ್ರೀಮಿಗೆ ಸಂರಕ್ಷಕ ಇಲ್ಲದಿದ್ದರೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಮನೆಯ ಲೇಪವನ್ನು ಅಂದಂದೇ ಕಲಸಿ ಅಂದಂದೇ ಮುಗಿಸಬೇಕು.

ಟಾಲ್ಕಂ ಪೌಡರಿನ ಬಗ್ಗೆಯೂ ಎಚ್ಚರ. ಅದರ ಹುಡಿಯನ್ನು ಉಸಿರಿನಲ್ಲಿ ಎಳೆದುಕೊಳ್ಳುವುದೂ, ಮಹಿಳೆಯರು ಗುಹ್ಯಭಾಗಕ್ಕೆ ಬಳಸುವುದೂ ಹಾನಿಕರವಾಗಬಹುದೆಂದು ಕೆನಡಾ ಸರ್ಕಾರದ 2021ರ ವರದಿ ತೀರ್ಮಾನಿಸಿತು. ಸ್ನಾನವಾದ ಮಗುವಿಗೆ ಪೌಡರ್ ಮೋಡ ಎಬ್ಬಿಸುವ ಪದ್ಧತಿಯನ್ನು ಬಿಟ್ಟು, ಮೆತ್ತಗೆ ಒರೆಸಿದರೆ ಸಾಕು.

ನಮ್ಮ ಬಚ್ಚಲ ನೀರು ಎಲ್ಲಿಗೆ?

ನ್ಯೂಮಾರ್ಕೆಟ್‌ನ ಕೊಳಚೆ ನೀರು ಯಾರ್ಕ್ ಡರ್ಹಮ್ ಕೊಳವೆಗಳಲ್ಲಿ ದಕ್ಷಿಣಕ್ಕೆ ಹರಿದು, ಪಿಕರಿಂಗ್‌ನ ಡಫಿನ್ ಕ್ರೀಕ್ ಘಟಕದಲ್ಲಿ ಶುದ್ಧವಾಗಿ ಒಂಟಾರಿಯೊ ಸರೋವರ ಸೇರುತ್ತದೆ. ನಮ್ಮ ನಲ್ಲಿಗೆ ಬರುವ ನೀರಿನಲ್ಲೂ ಒಂದು ಪಾಲು ಅದೇ ಸರೋವರದ್ದು. ಮುಖ ಉಜ್ಜುವ ಕ್ರೀಮುಗಳಲ್ಲಿದ್ದ ಪ್ಲಾಸ್ಟಿಕ್ ಕಣಗಳು ಸರೋವರಗಳಲ್ಲಿ ಸಿಕ್ಕಿದ್ದರಿಂದಲೇ ಕೆನಡಾ 2018ರ ಜುಲೈನಿಂದ ಅಂಥ ಸಾಮಾನಿನ ಮಾರಾಟ ನಿಲ್ಲಿಸಿತು. ಅಕ್ಕಿಹಿಟ್ಟಿಗೋ ಕಡಲೆಹಿಟ್ಟಿಗೋ ಇಂಥ ತೊಂದರೆ ಇಲ್ಲ.

ಬದಲಾವಣೆ ಹೇಗೆ?

1. ಕಪಾಟನ್ನೆಲ್ಲ ಒಂದೇ ದಿನ ಖಾಲಿ ಮಾಡಬೇಡಿ. ಪಾದರಸ, ಸೀಸದ ಸಂಶಯ ಇರುವುದನ್ನು ಮೊದಲು ತೆಗೆಯಿರಿ. ಉಳಿದವು ಮುಗಿದಂತೆ ಒಂದೊಂದಾಗಿ ಬದಲಿಸಿ.

2. ಸಂಶಯದ ಕ್ರೀಮು, ಉಗುರುಬಣ್ಣ, ಸ್ಪ್ರೇ ಡಬ್ಬಿಗಳನ್ನು ಸಿಂಕಿಗಾಗಲಿ ಕಸಕ್ಕಾಗಲಿ ಹಾಕದೆ, ಯಾರ್ಕ್ ರೀಜನ್ನಿನ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಒಯ್ಯಿರಿ.

3. ಹೊಸದನ್ನು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಿರಿ.

4. ಚಳಿಗಾಲದಲ್ಲಿ ಫರ್ನೇಸಿನ ಒಣಗಾಳಿಗೆ ಚರ್ಮ ಬಿರಿಯುತ್ತದೆ. ಬಿಸಿನೀರಿನ ಸ್ನಾನ ಬೇಗ ಮುಗಿಸಿ, ಮೈ ಒದ್ದೆಯಿರುವಾಗಲೇ ಎಳ್ಳೆಣ್ಣೆಯೋ ವಾಸನೆಯಿಲ್ಲದ ಕ್ರೀಮೋ ಹಚ್ಚಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವುದು ಸಹಜ, ಕಲಬೆರಕೆಯ ಗುರುತಲ್ಲ.

5. ಸನ್‌ಸ್ಕ್ರೀನ್ ಕೊಳ್ಳುವಾಗ ಡಿ.ಐ.ಎನ್. ಅಥವಾ ಎನ್.ಪಿ.ಎನ್. ಸಂಖ್ಯೆ ನೋಡಿ. ಅದು ಹೆಲ್ತ್ ಕೆನಡಾದ ಅನುಮತಿಯ ಗುರುತು. ಮನೆಮದ್ದು ಇದಕ್ಕೆ ಬದಲಿಯಲ್ಲ.

6. ಅಂಟುವಾಳದ ನೀರು ಕಣ್ಣಿಗೆ ತಾಗಿದರೆ ಉರಿ. ಮಕ್ಕಳಿಗೆ ಹಾಕುವಾಗ ಜೋಪಾನ.

ಕಪಾಟು ಹಗುರವಾದಂತೆ ತಿಂಗಳ ಖರ್ಚೂ ಹಗುರವಾಗುತ್ತದೆ. ಮನೆಯಲ್ಲಿ ಸೀಲ್ ಒಡೆಯದ ಒಳ್ಳೆಯ ಸಾಬೂನು, ಶಾಂಪೂ ಹೆಚ್ಚಾಗಿದ್ದರೆ ನಮ್ಮ ಊರಿನ ಫುಡ್ ಪ್ಯಾಂಟ್ರಿಗೆ ಕೊಡೋಣ. ಅನ್ನದಷ್ಟೇ ಸಾಬೂನಿಗೂ ಪರದಾಡುವ ಮನೆಗಳು ನಮ್ಮ ನಡುವೆಯೇ ಇವೆ. ಮುಂದಿನ ಸಲ ಊರಿನಿಂದ ಬರುವ ಅಮ್ಮ, ಅತ್ತೆ "ಏನು ತರಲಿ?" ಎಂದು ಕೇಳಿದರೆ, "ಕ್ರೀಮು ಬೇಡ, ಒಂದು ಪೊಟ್ಟಣ ಸೀಗೆಪುಡಿ ತನ್ನಿ" ಎನ್ನೋಣ. ಅದನ್ನು ಬಳಸುವ ವಿಧಾನವನ್ನು ಮೊಮ್ಮಕ್ಕಳಿಗೆ ಅವರೇ ಹೇಳಿಕೊಡಲಿ.