ಬಿಚ್ಚಿ ಜೋಡಿಸುವ ರೈಲು ಹಳಿ: ಸಂದಿನಲ್ಲಿ ಎಂಜಿನ್ ಬೀಳದ ಹಾಗೆ ಮಾಡುವುದು ಹೇಗೆ?



ನಮ್ಮ ವಿಜ್ಞಾನ ಸಂಘದವರು ಈ ವರ್ಷ ಓಡುವ ರೈಲಿನ ಮಾದರಿ ಮಾಡುತ್ತಿರುವುದು ನಿಮಗೆಲ್ಲ ಗೊತ್ತು. ಅದು 3 ಹಲಗೆಗಳ ಮೇಲೆ ಇರುತ್ತದೆ. ಒಂದೇ ದೊಡ್ಡ ಹಲಗೆ ಮಾಡಿದರೆ ತರಗತಿಯ ಬಾಗಿಲಲ್ಲೇ ತೂರುವುದಿಲ್ಲ, ಇನ್ನು ವಸ್ತುಪ್ರದರ್ಶನಕ್ಕೆ ಆಟೋದಲ್ಲಿ ಸಾಗಿಸೋದು ಎಲ್ಲಿಂದ ಬಂತು? ದಿನಾ ಸಾಯಂಕಾಲ ಬಿಚ್ಚಿಡಲೇಬೇಕು, ಯಾಕಂದ್ರೆ ಬೆಳಗ್ಗೆ ಪಾಠಕ್ಕೆ ಬೆಂಚು ಬೇಕು. ಎಂಜಿನ್ ಇರುವುದು ಒಂದೇ, ಅದೂ ಎರವಲು ತಂದದ್ದು. ಬೆಂಚಿನ ಮೇಲಿಂದ ಸಿಮೆಂಟ್ ನೆಲಕ್ಕೆ ಬಿದ್ದರೆ ಕಥೆ ಮುಗೀತು. ಅದು ಬೀಳುವ ಜಾಗ ಯಾವುದು? ಹಲಗೆಗೆ ಹಲಗೆ ಸೇರುವ ಸಂದು. ಆದ್ದರಿಂದ ಈ ಲೇಖನ ಬರೀ ಆ ಸಂದಿನ ಬಗ್ಗೆ.

ಮೊದಲು ನಿಜವಾದ ಹಳಿ ನೋಡೋಣ. ನಮ್ಮ ದೇಶದ ಬ್ರಾಡ್‌ಗೇಜ್ ದಾರಿಯಲ್ಲಿ ಒಂದು ಹಳಿಯ ತುಂಡು 13 ಮೀಟರ್ ಎಂದು ಲೆಕ್ಕ. ಎರಡು ತುಂಡು ಸೇರುವಲ್ಲಿ ಎರಡೂ ಮಗ್ಗುಲಿಗೆ ಫಿಶ್‌ಪ್ಲೇಟ್ ಎಂಬ ಉಕ್ಕಿನ ಪಟ್ಟಿ ಇಟ್ಟು 4 ಬೋಲ್ಟ್ ಹಾಕಿ ಬಿಗಿಯುತ್ತಾರೆ. ನಡುವೆ ಸ್ವಲ್ಪ ಜಾಗ ಬಿಡುತ್ತಾರೆ. ಬಿಸಿಲು 30 ಡಿಗ್ರಿ ಏರಿದರೆ 13 ಮೀಟರ್ ಉಕ್ಕು ಸುಮಾರು ನಾಲ್ಕೂವರೆ ಮಿಲಿಮೀಟರ್ ಬೆಳೆಯುತ್ತದೆ. ಜಾಗ ಇಲ್ಲದಿದ್ದರೆ ಹಳಿ ಹಾವಿನ ಹಾಗೆ ಡೊಂಕಾಗುತ್ತದೆ. ಹಳೇ ರೈಲಿನ ಟಕಟಕ ಸದ್ದು ಬರುತ್ತಿದ್ದದ್ದು ಆ ಸಂದಿನಿಂದಲೇ. ಈಗ ಬಹಳ ಕಡೆ ಹಳಿಗಳನ್ನು ಬೆಸುಗೆ ಹಾಕಿ ಒಂದೇ ಉದ್ದ ಮಾಡಿ, ಬಿಗಿಯಾಗಿ ಕಚ್ಚಿ ಹಿಡಿಸಿರುತ್ತಾರೆ, ಅದಕ್ಕೇ ಸದ್ದು ಕಡಿಮೆ.

ಈಗ ನಮ್ಮ ಮಾದರಿ. ನಮ್ಮದು ಎಚ್‌ಓ ಅಳತೆ, ಅಂದರೆ ನಿಜವಾದದ್ದರ 87ರಲ್ಲಿ 1 ಭಾಗ. ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇದನ್ನು 87ರಿಂದ ಗುಣಿಸಿ ನೋಡಿ, ಸುಮಾರು 1435 ಬರುತ್ತದೆ. ಇದು ನಮ್ಮ ಬ್ರಾಡ್‌ಗೇಜ್ ಅಲ್ಲ, ಅದು 1676 ಮಿ.ಮೀ. ಆದರೆ 2025ರ ಆಗಸ್ಟ್‌ನಲ್ಲಿ ಶುರುವಾದ, ಹೊಸೂರು ರಸ್ತೆಯ ಮೇಲೆ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮೆಟ್ರೋ ಇದೆಯಲ್ಲ, ಅದರ ಹಳಿಯ ಅಗಲ ಸರಿಯಾಗಿ 1435! ಹಾಗಾಗಿ ನಮ್ಮದನ್ನು ಮೆಟ್ರೋದ ಮಾದರಿ ಅಂತ ಕರೆದರೆ ಲೆಕ್ಕದ ಮೇಷ್ಟ್ರು ತಪ್ಪು ಹಾಕುವುದಿಲ್ಲ.

ಅದೇ ಗುಣಾಕಾರವನ್ನು ಸಂದಿಗೂ ಮಾಡಿ. ಎರಡು ಹಲಗೆಯ ಹಳಿಗಳು ಬರೀ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದಿವೆ ಅನ್ನಿ. ನಿಜವಾದ ರೈಲಿನಲ್ಲಿ ಅದು 43 ಮಿ.ಮೀ.ಗೂ ಹೆಚ್ಚಾಯಿತು. ದೊಡ್ಡ ಹಳಿಯ ತಲೆಯ ಅಗಲವೇ 72 ಮಿ.ಮೀ. ಅಂಥ ಸಂದಿನ ಮೇಲೆ ಯಾವ ಡ್ರೈವರೂ ಗಾಡಿ ಬಿಡುವುದಿಲ್ಲ. ನಾವು ಮಾತ್ರ "ಅರ್ಧ ಮಿಲಿಮೀಟರ್ ತಾನೇ" ಅಂತೀವಿ.

ಇಲ್ಲೊಂದು ಮುಖ್ಯ ವಿಷಯ. ಎರಡು ಹಲಗೆಗಳನ್ನು ನೇರಕ್ಕೆ ತರುವುದು ಒಂದು ಕೆಲಸ, ಬಿಗಿಯಾಗಿ ಹಿಡಿಯುವುದು ಇನ್ನೊಂದು ಕೆಲಸ. ಒಂದೇ ಬೋಲ್ಟಿನಿಂದ ಎರಡೂ ಆಗಲಿ ಎಂದರೆ ಆಗುವುದಿಲ್ಲ. ಬೋಲ್ಟ್ ಸಲೀಸಾಗಿ ತೂರಬೇಕಾದರೆ ತೂತು ಸ್ವಲ್ಪ ದೊಡ್ಡದಿರಲೇಬೇಕು. ತೂತು ದೊಡ್ಡದಾದರೆ ಹಲಗೆ ಅಷ್ಟು ಅಲುಗಾಡುತ್ತದೆ. ನಮ್ಮಲ್ಲಿ ಎಷ್ಟೋ ಜನರ ಅಪ್ಪ, ಅಣ್ಣ, ಮಾವ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ ಕಡೆ ಕಾರ್ಖಾನೆಗಳಲ್ಲಿ ಫಿಟ್ಟರ್, ಟರ್ನರ್ ಆಗಿದ್ದಾರೆ. ಅವರನ್ನು "ಡೋವೆಲ್ ಪಿನ್ನು ಯಾಕೆ ಹಾಕ್ತೀರಿ?" ಅಂತ ಕೇಳಿ. ಅಚ್ಚಿನ ಎರಡು ಭಾಗಗಳು ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಕೂರಲಿ ಅಂತ ಪಿನ್ನು, ಕೂತ ಮೇಲೆ ಕದಲದಿರಲಿ ಅಂತ ಬೋಲ್ಟು. ನಮಗೂ ಅದೇ. ಒಂದೊಂದು ಸಂದಿಗೆ 2 ಪಿನ್ನು ಸಾಕು. ಒಂದೇ ಪಿನ್ನು ಹಾಕಿದರೆ ಹಲಗೆ ಅದರ ಸುತ್ತ ತಿರುಗುತ್ತದೆ. ಎರಡನ್ನೂ ಒಂದರಿಂದ ಒಂದು ಆದಷ್ಟು ದೂರ ಇಡಬೇಕು. ಬಿಗಿಯಲು 8 ಮಿ.ಮೀ. ಬೋಲ್ಟು, ಅದಕ್ಕೆ 10 ಮಿ.ಮೀ. ತೂತು, ಕೈಯಲ್ಲೇ ತಿರುಗಿಸುವ ಕಿವಿಯಿರುವ ನಟ್ಟು.

ಪಿನ್ನಿನ ತೂತನ್ನು ಅಳತೆ ಹಾಕಿ ಬೇರೆ ಬೇರೆಯಾಗಿ ಕೊರೆಯಬೇಡಿ. ಎರಡೂ ಹಲಗೆಯ ಅಂಚಿನ ಚೌಕಟ್ಟನ್ನು ಒಂದಕ್ಕೊಂದು ಒತ್ತಿ, ಕ್ಲ್ಯಾಂಪ್ ಹಾಕಿ, ಒಂದೇ ಏಟಿಗೆ ಎರಡರಲ್ಲೂ ಕೊರೆಯಬೇಕು. ಆಗ ತೂತು ಸ್ವಲ್ಪ ಸೊಟ್ಟಗಾದರೂ ಎರಡರಲ್ಲೂ ಒಂದೇ ಸೊಟ್ಟ! ಮರದ ತೂತು ದಿನಾ ಹಾಕಿ ತೆಗೆದು ಸವೆಯುತ್ತದೆ, ಅದಕ್ಕೆ ಒಳಗೆ ಹಿತ್ತಾಳೆ ಕೊಳವೆಯ ತುಂಡು ಕೂರಿಸಿದರೆ ಒಳ್ಳೇದು. ಕಿಟಕಿಗೆ ಹಾಕುವ ಟವರ್ ಬೋಲ್ಟ್ ಅಗ್ಗ ಅಂತ ಕೆಲವರು ಹೇಳಿದ್ದಾರೆ. ಹಿಡಿಯೋದಕ್ಕೆ ಅದು ಸರಿ, ಆದರೆ ಅದರ ಸರಳು ಒಳಗೆ ಗಡಗಡ ಅನ್ನುತ್ತದೆ, ನೇರ ತರುವ ಕೆಲಸಕ್ಕೆ ಬಾರದು.

ಈಗ ಹಳಿ. ಅಂಗಡಿ ಹಳಿಯ ಜೊತೆ ಬರುವ ತಗಡಿನ ಸಣ್ಣ ಕೊಂಡಿಯನ್ನು ಜಾರಿಸಿ ಹಲಗೆಗಳ ಸಂದನ್ನೂ ಸೇರಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಂದು ಹಲಗೆಯ ನಡುವೆ ಕೊಂಡಿ ಸರಿ. ಆದರೆ ದಿನಾ ಬಿಚ್ಚುವ ಜಾಗದಲ್ಲಿ ನಾಲ್ಕು ಸಲಕ್ಕೆ ಅದು ಸಡಿಲವಾಗುತ್ತದೆ, ಹಳಿಯ ತುದಿಯೂ ಬಗ್ಗುತ್ತದೆ. ಸಂದಿನಲ್ಲಿ ಹಳಿಯ ತುದಿ ಹಲಗೆಗೇ ಕಚ್ಚಿಕೊಂಡಿರಬೇಕು. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ತಾಮ್ರ ಹೊದಿಸಿದ ಸರ್ಕ್ಯೂಟ್ ಬೋರ್ಡ್ ಸಿಗುತ್ತದೆ. ಅದರ ಪಟ್ಟಿ ಕತ್ತರಿಸಿ ಹಲಗೆಯ ಅಂಚಿಗೆ ಸ್ಕ್ರೂ ಹಾಕಿ ಕೂರಿಸಿ, ಹಳಿಯನ್ನು ಅದರ ಮೇಲೆ ಬೆಸುಗೆ ಹಾಕಬೇಕು. ಆ ಜಾಗದ ಪ್ಲಾಸ್ಟಿಕ್ ಸ್ಲೀಪರುಗಳನ್ನು ಮೊದಲೇ ತೆಗೆದುಬಿಡಿ, ಇಲ್ಲದಿದ್ದರೆ ಕರಗಿ ಹೋಗುತ್ತವೆ. ಎರಡು ಹಳಿಗಳ ನಡುವೆ ತಾಮ್ರವನ್ನು ಗೀರಿ ಬೇರ್ಪಡಿಸೋದನ್ನು ಮರೀಬಾರದು. ಮರೆತರೆ ಎರಡೂ ಹಳಿಯ ಕರೆಂಟ್ ಸೇರಿ ಶಾರ್ಟ್ ಆಗುತ್ತದೆ.

ಒಂದು ಉಪಾಯ ಇದೆ, ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಇದು. ಹಲಗೆಗಳನ್ನು ಪಿನ್ನು ಬೋಲ್ಟು ಹಾಕಿ ಪೂರ್ತಿ ಬಿಗಿದ ಮೇಲೆ, ಸಂದಿನ ಮೇಲೆ ಹಳಿಯನ್ನು ಕತ್ತರಿಸದೆ ಒಂದೇ ಉದ್ದ ಹಾಯಿಸಿ, ಎರಡೂ ಕಡೆ ಬೆಸುಗೆ ಹಾಕಿ. ಆಮೇಲೆ ಅಕ್ಕಸಾಲಿಗರ ಸಣ್ಣ ಗರಗಸದಿಂದ ಸಂದಿನ ನೇರಕ್ಕೆ ಕೊಯ್ಯಿರಿ. ಒಂದೇ ಹಳಿ ಎರಡಾದದ್ದು, ಹಾಗಾಗಿ ತುದಿಗೆ ತುದಿ ಕೂಡಿಯೇ ತೀರಬೇಕು. ಕೊಯ್ದ ಮೇಲೆ ಉಳಿದ ಮುಳ್ಳನ್ನು ನಯವಾದ ಅರದಿಂದ ತೆಗೆಯಿರಿ. ಸಂದಿನ ಮೇಲೆ ಹಳಿ ನೇರವಾಗಿ ಹಾಯಬೇಕು. ತಿರುವಿನಲ್ಲಾಗಲಿ, ದಾರಿ ಕವಲೊಡೆಯುವಲ್ಲಾಗಲಿ ಸಂದು ಬೇಡವೇ ಬೇಡ.

ಹಲಗೆ ಒಳ್ಳೆ ಪ್ಲೈವುಡ್ಡಿನದೇ ಆಗಲಿ. ಹಸಿ ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಪ್ಲೈವುಡ್ಡಿನ ಪದರಗಳು ಅಡ್ಡ-ಉದ್ದ ಅಂಟಿರುವುದರಿಂದ ಅದು ಅಷ್ಟು ಆಡುವುದಿಲ್ಲ.

ನಡುವಿನ ಹಲಗೆ ತೆಗೆದಿರುವಾಗ ಯಾರಾದರೂ ಸ್ವಿಚ್ ಹಾಕಿಬಿಟ್ಟರೆ? ಇದಕ್ಕೆ ಪಾಂಬನ್ ಸೇತುವೆ ನೆನಪಿಸಿಕೊಳ್ಳಿ. ರಾಮೇಶ್ವರಕ್ಕೆ ಸಮುದ್ರದ ಮೇಲೆ ಹೋಗುವ ಈ ದಾರಿಯ ಹಳೇ ಸೇತುವೆ 1914ರದ್ದು. ಹಡಗು ಬಂದಾಗ ಅದರ ಒಂದು ಭಾಗವನ್ನು ಆಳುಗಳು ಕೈಯಿಂದಲೇ ತೆರೆಯುತ್ತಿದ್ದರು. 2025ರ ಏಪ್ರಿಲ್‌ನಲ್ಲಿ ಶುರುವಾದ ಹೊಸ ಸೇತುವೆಯಲ್ಲಿ 72.5 ಮೀಟರ್ ಉದ್ದದ ಭಾಗ ನೆಟ್ಟಗೆ ಮೇಲೇಳುತ್ತದೆ. ಪ್ರತಿ ಸಲ ಇಳಿದಾಗಲೂ ಹಳಿಗೆ ಹಳಿ ಕೂಡಬೇಕು. ಇಂಥ ಸೇತುವೆಗಳಲ್ಲಿ ಹಳಿ ಕೂಡಿ, ಬೀಗ ಬಿದ್ದ ಮೇಲೆಯೇ ರೈಲಿಗೆ ಸಿಗ್ನಲ್. ನಾವೂ ಹಾಗೇ ಮಾಡಬಹುದು. ಅಕ್ಕಪಕ್ಕದ ಹಲಗೆಗಳಲ್ಲಿ ಸಂದಿಗೆ 1 ಅಡಿ ಮುಂಚೆ ಒಂದು ಹಳಿಯನ್ನು ಕೊಯ್ದು, ಆ ಸೀಳಿಗೆ ಪ್ಲಾಸ್ಟಿಕ್ ಚೂರು ತುರುಕಿ. ಆ ಕೊನೆಯ 1 ಅಡಿಗೆ ಬೇಕಾದ ಕರೆಂಟ್ ನಡುವಿನ ಹಲಗೆಯ ಪ್ಲಗ್ಗಿನ ಮೂಲಕವೇ ಬರಲಿ. ಹಲಗೆ ಇಲ್ಲದಿದ್ದರೆ ಪ್ಲಗ್ಗೂ ಇಲ್ಲ, ಕರೆಂಟೂ ಇಲ್ಲ, ಎಂಜಿನ್ ಅಲ್ಲೇ ನಿಲ್ಲುತ್ತದೆ. ಬರೀ 12 ವೋಲ್ಟ್, ಶಾಕ್ ಭಯ ಬೇಡ.

ಎಂಜಿನ್ ಬಿಡುವ ಮುಂಚೆ ಖಾಲಿ ಡಬ್ಬಿಯೊಂದನ್ನು ಒಂದೇ ಬೆರಳಿನಿಂದ ಸಂದಿನ ಮೇಲೆ ಎರಡೂ ಕಡೆಗೆ ತಳ್ಳಿ ನೋಡಬೇಕು. ಕಣ್ಣು ಮುಚ್ಚಿ ತಳ್ಳಿದರೆ ಇನ್ನೂ ಒಳ್ಳೇದು, ಕಣ್ಣಿಗೆ ಕಾಣದ ಮೆಟ್ಟಿಲು ಬೆರಳಿಗೆ ತಗಲುತ್ತದೆ. ಡಬ್ಬಿ ಟಕ್ ಅಂದರೆ ಎಂಜಿನ್ ಹತ್ತಿಸಬೇಡಿ.

ಶನಿವಾರ ಶಾಲೆ ಬಿಟ್ಟ ಮೇಲೆ ತೂತು ಕೊರೆಯುವ ಕೆಲಸ ಇದೆ. ಮನೆಯಲ್ಲಿ ಡ್ರಿಲ್ ಮಿಷಿನ್, ಕ್ಲ್ಯಾಂಪ್ ಇರುವವರು ದೊಡ್ಡವರನ್ನು ಕೇಳಿ, ಸಾಧ್ಯವಾದರೆ ಅವರನ್ನೂ ಜೊತೆಗೆ ಕರೆದುಕೊಂಡು ಬನ್ನಿ.