ಶ್ವಾಸಕೋಶದ ಉರಿ ಮತ್ತು ಆಕರಕೋಶ

2020ರ ಮಾರ್ಚ್ ತಿಂಗಳಲ್ಲಿ ನಮ್ಮ ದೇಶದ ಮೊದಲ ಕೊರೊನಾ ಸಾವು ಆದದ್ದು ಕಲಬುರಗಿಯಲ್ಲಿ. ಆಮೇಲೆ ಎಷ್ಟೋ ಜನ ವೈರಸ್ ತರುವ ನ್ಯುಮೋನಿಯಾದಿಂದ ತೀರಿಕೊಂಡರು. ಆಗ ‘ಸ್ಟೆಮ್ ಸೆಲ್ ಚಿಕಿತ್ಸೆ’ ಎಂಬ ಮಾತು ಕೇಳಿಬಂತು. ಅದರ ಬಗ್ಗೆ ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ಅವುಗಳ ಗೋಡೆ ಈರುಳ್ಳಿ ಸಿಪ್ಪೆಗಿಂತ ತೆಳು. ಆಮ್ಲಜನಕ ಅಲ್ಲಿಂದಲೇ ರಕ್ತಕ್ಕೆ ಸೇರುತ್ತದೆ. ವೈರಸ್ ಹೊಕ್ಕಾಗ ದೇಹದ ಕಾವಲು ಕೋಶಗಳು ಹೋರಾಡುತ್ತವೆ. ಅದು ಒಳ್ಳೇದೇ. ಆದರೆ ಕೆಲವರಲ್ಲಿ ಈ ಹೋರಾಟ ನಿಲ್ಲೋದೇ ಇಲ್ಲ. ಬಣವೆಗೆ ಬಿದ್ದ ಬೆಂಕಿ ಆರಿದ ಮೇಲೂ ನೀರು ಸುರೀತಾನೇ ಇದ್ದರೆ ಪಕ್ಕದ ಮಣ್ಣಿನ ಗೋಡೆ ಕುಸಿಯುತ್ತಲ್ಲ, ಹಾಗೆ ಗೂಡಿನ ಗೋಡೆ ಹಾಳಾಗಿ ಒಳಗೆ ನೀರು ತುಂಬುತ್ತದೆ. ಇದಕ್ಕೆ ಕಾರಣ ಉರಿಯೂತ.

ಆಕರಕೋಶ ಎಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ. ಮೂಳೆಯೊಳಗಿನ ಮಜ್ಜೆಯಲ್ಲಿ, ಮಗುವಿನ ಹೊಕ್ಕುಳಬಳ್ಳಿಯಲ್ಲಿ ಇವು ಸಿಗುತ್ತವೆ. (ನಾವೋ ಅದನ್ನು ಮಣ್ಣಿಗೆ ಹಾಕುತ್ತೇವೆ!) ಇವು ಹೊಸ ಶ್ವಾಸಕೋಶ ಕಟ್ಟುತ್ತವೆ ಅಂತ ಬಹಳ ಜನ ತಿಳಿದಿದ್ದಾರೆ, ಹಾಗಲ್ಲ. ಡ್ರಿಪ್ಪಿನಲ್ಲಿ ಕೊಟ್ಟ ಕೋಶಗಳು ಹೆಚ್ಚಾಗಿ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲೇ ಸಿಕ್ಕಿಕೊಂಡು, ಸ್ವಲ್ಪ ಕಾಲ ಬದುಕಿ, ಉರಿಯೂತ ತಗ್ಗಿಸುವ ರಾಸಾಯನಿಕಗಳನ್ನು ಬಿಡುತ್ತವೆ. ಜಗಳ ಬಿಡಿಸುವ ಹಿರಿಯರ ಹಾಗೆ ಅನ್ನಿ.

ಗುಣ ಆಯಿತೇ? 2020ರಲ್ಲಿ ಬೀಜಿಂಗ್‌ನಲ್ಲಿ 7 ರೋಗಿಗಳಿಗೆ ಕೊಟ್ಟು, ಒಳ್ಳೆಯದಾಯಿತೆಂದು ಬರೆದರು. ಏಳು ಜನರನ್ನು ನೋಡಿ ನಂಬೋದು ಹೇಗೆ? ಅದೇ ವರ್ಷ ಅಮೆರಿಕದಲ್ಲಿ ವೆಂಟಿಲೇಟರ್ ಮೇಲಿದ್ದ 222 ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಮಾತ್ರ ಕೋಶ ಕೊಟ್ಟರು. ಸಾವು ಕಮ್ಮಿಯಾಗುವ ಲಕ್ಷಣ ಕಾಣದೆ ಡಿಸೆಂಬರ್‌ನಲ್ಲಿ ಹೊಸಬರನ್ನು ಸೇರಿಸೋದು ನಿಲ್ಲಿಸಿದರು. ಇತ್ತ ಇಂಗ್ಲೆಂಡಿನ ಪರೀಕ್ಷೆಯಲ್ಲಿ ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಔಷಧಿ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದು ಪಾಲು ಇಳಿಸಿತು! ಅದೂ ಉರಿಯೂತ ತಗ್ಗಿಸುವ ಔಷಧಿಯೇ. ಆಕ್ಸಿಜನ್ ಬೇಕಿಲ್ಲದವರಿಗೆ ಮಾತ್ರ ಅದರಿಂದ ಉಪಯೋಗವಾಗಲಿಲ್ಲ.

ನಮ್ಮ ಬೀದಿಯ ಅಜ್ಜಿಯೊಬ್ಬರು 2021ರಲ್ಲಿ ಮಗನನ್ನು ಕಳೆದುಕೊಂಡರು. “ತೋಟ ಮಾರಿ ಬೆಂಗಳೂರಲ್ಲಿ ಅದನ್ನ ಕೊಡಿಸಿದ್ರೆ ಉಳೀತಿದ್ನೇನೋ ಮಗಾ” ಅಂತ ಈಗಲೂ ಕೇಳ್ತಾರೆ. ಉಳೀತಿದ್ದ ಅಂತ ಯಾವ ಡಾಕ್ಟರಿಗೂ ಹೇಳೋಕೆ ಆಗ್ತಿರಲಿಲ್ಲ ಅಜ್ಜಿ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಆಕರಕೋಶ ಔಷಧಿಗೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ ಕಾಲಿನ ರಕ್ತನಾಳ ಕಟ್ಟುವ ಕಾಯಿಲೆಗೆ, 2022ರಲ್ಲಿ ಮಂಡಿ ಸವೆತಕ್ಕೆ. ನ್ಯುಮೋನಿಯಾಕ್ಕೆ ಆಕರಕೋಶ ಕೊಡೋದು ಇನ್ನೂ ಪ್ರಯೋಗವೇ. ಪ್ರಯೋಗಕ್ಕೆ ಸೇರಿದ ರೋಗಿಯ ಹತ್ತಿರ ಅದಕ್ಕೆ ದುಡ್ಡು ಕೇಳುವಂತಿಲ್ಲ.

— 9ನೇ ತರಗತಿ ವಿದ್ಯಾರ್ಥಿನಿ, ತರೀಕೆರೆ ತಾಲ್ಲೂಕು